ಪರದೆಯ ಬಣ್ಣ ಕೆಟ್ಟಾಗ: ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಔಟ್‌ಪುಟ್ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಕಪ್ಪು ಇರಬೇಕಾದಲ್ಲಿ ಬೂದು, ಬಿಳಿ ಇರಬೇಕಾದಲ್ಲಿ ಮಂಕು. ಇಲ್ಲವೇ ಕತ್ತಲೆಯ ದೃಶ್ಯದಲ್ಲಿ ಏನೂ ಕಾಣದಷ್ಟು ಗಾಢ ಕಪ್ಪು. ಇಲ್ಲವೇ ಕೆಂಪು ಅಕ್ಷರಗಳ ಅಂಚು ಕದಡಿದಂತೆ. ಇಂಥ ತೊಂದರೆ ಬಂದಾಗ ಹೆಚ್ಚಿನವರು ಮೊದಲು ಕೈ ಹಾಕುವುದು ಬ್ರೈಟ್‌ನೆಸ್, ಕಾಂಟ್ರಾಸ್ಟ್, ಗಾಮಾ (ನಡುಮಟ್ಟದ ಹೊಳಪಿನ ಹೊಂದಾಣಿಕೆ) ಗುಂಡಿಗಳಿಗೆ. ಎಡವುವುದೂ ಅಲ್ಲೇ. ಕಂಪ್ಯೂಟರ್‌ನ ಗ್ರಾಫಿಕ್ಸ್ ಕಾರ್ಡ್ (ಮುಂದೆ ಬರೀ ‘ಕಾರ್ಡ್’) ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ ಮೂಲಕ ಒಂದು ಲೆಕ್ಕದಲ್ಲಿ ಬಣ್ಣ ಕಳಿಸುತ್ತಿದ್ದು, ಪರದೆ ಅದನ್ನು ಇನ್ನೊಂದು ಲೆಕ್ಕದಲ್ಲಿ ಓದುತ್ತಿದ್ದರೆ ಈ ಗುಂಡಿಗಳಿಂದ ಚಿತ್ರ ಸರಿಹೋದಂತೆ ಕಾಣಬಹುದೇ ಹೊರತು ಸರಿಹೋಗುವುದಿಲ್ಲ. ಎರಡೂ ತುದಿಗಳನ್ನು ಒಂದೇ ಲೆಕ್ಕಕ್ಕೆ ತರುವುದು ಮೊದಲ ಕೆಲಸ, ಬಣ್ಣ ಹದಗೊಳಿಸುವುದು ಕೊನೆಯ ಕೆಲಸ. ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ.

ಕೈಯಲ್ಲಿ ಇರಬೇಕಾದವು

ಚೆನ್ನಾಗಿದೆ ಎಂದು ಖಾತ್ರಿ ಇರುವ ಇನ್ನೊಂದು ಕೇಬಲ್, ಸಾಧ್ಯವಾದರೆ ಇನ್ನೊಂದು ಪರದೆ, ಸ್ಕ್ರೀನ್‌ಶಾಟ್ ತೆರೆದು ನೋಡಲು ಫೋನ್ ಅಥವಾ ಬೇರೆ ಕಂಪ್ಯೂಟರ್, ಪೇಂಟ್‌ನಂಥ ಯಾವುದಾದರೂ ಚಿತ್ರ ಬಿಡಿಸುವ ತಂತ್ರಾಂಶ. ಮಾನಿಟರ್ ಅಥವಾ ಟಿವಿಯ ಕೈಪಿಡಿಯೂ ಬೇಕಾಗುತ್ತದೆ, ಏಕೆಂದರೆ ಒಂದೇ ಆಯ್ಕೆಗೆ ಒಬ್ಬೊಬ್ಬ ತಯಾರಕರು ಒಂದೊಂದು ಹೆಸರಿಟ್ಟಿದ್ದಾರೆ. ಪರದೆ ಆನ್ ಆಗಿ ಅರ್ಧ ಗಂಟೆ ಕಳೆಯಲಿ. ಕೋಣೆಯಲ್ಲಿ ಬೆಳಕು ಕಡಿಮೆ ಇದ್ದರೆ ಕಪ್ಪಿನ ವ್ಯತ್ಯಾಸ ಬೇಗ ತಿಳಿಯುತ್ತದೆ.

ಅಳೆಯುವ ಸಾಧನ ಕೊಳ್ಳುವ ಯೋಚನೆ ಇದ್ದರೆ ಈಗ ಬೇಡ. ಲೆಕ್ಕ ತಪ್ಪಿದ ಪರದೆಯನ್ನು ಅಳೆದರೆ ಆ ತಪ್ಪೂ ಪ್ರೊಫೈಲ್ (ಪರದೆಯ ಬಣ್ಣದ ವಿವರ ಹೇಳುವ ಫೈಲ್) ಒಳಗೆ ಸೇರಿಕೊಳ್ಳುತ್ತದೆ.

ಹಂತ 1: ಲಕ್ಷಣ ನೋಡಿ, ಅನುಮಾನ ಎಲ್ಲಿಗೆ ಎಂದು ಗೊತ್ತುಮಾಡಿಕೊಳ್ಳಿ

ಇಡೀ ಚಿತ್ರಕ್ಕೆ ತೆಳು ಬೂದು ಪೊರೆ ಬಂದಂತಿದ್ದರೆ ಕಾರ್ಡ್ ಸೀಮಿತ ಶ್ರೇಣಿಯಲ್ಲಿ (ಕಪ್ಪು 16, ಬಿಳಿ 235) ಕಳಿಸುತ್ತಿದೆ, ಪರದೆ ಪೂರ್ಣ ಶ್ರೇಣಿ (ಕಪ್ಪು 0, ಬಿಳಿ 255) ಎಂದು ಓದುತ್ತಿದೆ. ನೆರಳಿನ ವಿವರ ಮಾಯವಾಗಿ ಮೋಡದ ಬಿಳಿಯೂ ಚಪ್ಪಟೆಯಾಗಿದ್ದರೆ ಇದರ ತದ್ವಿರುದ್ಧ. ಎರಡಕ್ಕೂ 5ರಿಂದ 7ನೇ ಹಂತದಲ್ಲಿ ಪರಿಹಾರವಿದೆ.

ಕಪ್ಪು ನೇರಳೆಯಾಗಿ, ಬಿಳಿ ಹಸಿರಾಗಿ ಕಂಡರೆ ಕಾರ್ಡ್ ವೈಸಿಬಿಸಿಆರ್ (ಬೆಳಕಿಗೆ ಒಂದು, ಬಣ್ಣಕ್ಕೆ ಎರಡು ಸಂಖ್ಯೆ) ಕಳಿಸುತ್ತಿದೆ, ಪರದೆ ಅದನ್ನು ಆರ್‌ಜಿಬಿ (ಕೆಂಪು, ಹಸಿರು, ನೀಲಿಗೆ ಒಂದೊಂದು ಸಂಖ್ಯೆ) ಎಂದುಕೊಂಡಿದೆ. ಕಪ್ಪು ಹಸಿರಾಗಿ, ಬಿಳಿ ಗುಲಾಬಿಯಾಗಿ ಕಂಡರೆ ಕಾರ್ಡ್ ಕಳಿಸುತ್ತಿರುವುದು ಆರ್‌ಜಿಬಿ, ಪರದೆ ಓದುತ್ತಿರುವುದು ವೈಸಿಬಿಸಿಆರ್ ಎಂದು. ಇದಕ್ಕೆ ಕಾರಣ ಸರಳ: ವೈಸಿಬಿಸಿಆರ್‌ನಲ್ಲಿ ಬಣ್ಣವಿಲ್ಲದ ಕಪ್ಪು, ಬೂದು, ಬಿಳಿಗಳಿಗೆಲ್ಲ ಎರಡು ಬಣ್ಣದ ಸಂಖ್ಯೆಗಳು 128ರಲ್ಲಿ ನಿಂತಿರುತ್ತವೆ. ಅದನ್ನು ಕೆಂಪು ಮತ್ತು ನೀಲಿ ಎಂದು ಓದಿದರೆ ಕಪ್ಪಿನಲ್ಲೂ ಅರ್ಧ ಕೆಂಪು, ಅರ್ಧ ನೀಲಿ ಸೇರಿ ನೇರಳೆಯಾಗುತ್ತದೆ. ಈ ಎರಡು ಲಕ್ಷಣಗಳನ್ನು ಕಂಡು ಕಾರ್ಡ್ ಸುಟ್ಟುಹೋಯಿತು ಎಂದು ಹೆದರುವವರು ಬಹಳ. ಹೆಚ್ಚಿನ ಸಲ ಇದು ಒಂದು ಮೆನುವಿನ ಆಯ್ಕೆ ಅಷ್ಟೇ.

ಫೋಟೋ, ವಿಡಿಯೊ ಚೆನ್ನಾಗಿದ್ದು ಬಣ್ಣದ ಅಕ್ಷರ ಮಾತ್ರ ಮಸುಕಾಗಿದ್ದರೆ ಬಣ್ಣದ ಮಾಹಿತಿಯನ್ನು ಕತ್ತರಿಸಿ ಕಳಿಸಲಾಗುತ್ತಿದೆ. 8ನೇ ಹಂತ ನೋಡಿ. ಆಕಾಶದಂಥ ನಯವಾದ ಜಾಗದಲ್ಲಿ ಪಟ್ಟೆ ಪಟ್ಟೆ ಕಂಡರೆ 9ನೇ ಹಂತ.

ಚಿತ್ರದ ಮೇಲೆ ಚುಕ್ಕೆಗಳು ಮಿನುಗುವುದು, ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಬರುವುದು: ಇವು ಕೇಬಲ್‌ನ ದೂರುಗಳು. ಡಿಜಿಟಲ್ ಕೇಬಲ್ ಕೆಟ್ಟರೆ ಬಣ್ಣ ಪೇಲವವಾಗುವುದಿಲ್ಲ. ಬಿಟ್‌ಗಳು ಸರಿಯಾಗಿ ತಲುಪುತ್ತವೆ, ಇಲ್ಲವೇ ತಪ್ಪಾಗಿ ತಲುಪಿ ಚುಕ್ಕೆಗಳಾಗುತ್ತವೆ, ಇಲ್ಲವೇ ಚಿತ್ರವೇ ನಿಲ್ಲುತ್ತದೆ. ಹಳೆಯ ಅನಲಾಗ್ ಸಂಪರ್ಕವಾದ ವಿಜಿಎಯಲ್ಲಿ ಪಿನ್ ಒಂದು ಸಡಿಲವಾದರೆ ಕೆಂಪು ಮಾಯವಾಗುತ್ತಿದ್ದ ಅನುಭವವನ್ನು ಇಲ್ಲಿಗೆ ತರಬೇಡಿ. ದುಬಾರಿ ಕೇಬಲ್ ಬಣ್ಣವನ್ನು ಗಾಢಗೊಳಿಸುತ್ತದೆ ಎಂಬ ಮಾತೂ ಅದೇ ಜಾತಿಯದು.

ಹಂತ 2: ತಪ್ಪು ಕಾರ್ಡ್‌ನ ಒಳಗೋ ಹೊರಗೋ?

ಎಚ್‌ಡಿಆರ್ (ಹೆಚ್ಚಿನ ಹೊಳಪು, ಬಣ್ಣ ತೋರಿಸುವ ವಿಧಾನ) ಆನ್ ಇದ್ದರೆ ಮೊದಲು ಆಫ್ ಮಾಡಿ. ತೊಂದರೆ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ನೋಡಿ. ಅಲ್ಲಿಯೂ ಬಣ್ಣ ಕೆಟ್ಟಿದ್ದರೆ ದೋಷ ಆ ತಂತ್ರಾಂಶದಲ್ಲೋ ಆಟದ ಸೆಟ್ಟಿಂಗ್‌ನಲ್ಲೋ ಇದೆ. ಅಲ್ಲಿ ಸರಿಯಾಗಿ ಕಂಡರೆ ದೋಷ ಆನಂತರದ ದಾರಿಯಲ್ಲಿದೆ: ಗಾಮಾ ಕೋಷ್ಟಕ, ಡ್ರೈವರ್‌ನ (ಕಾರ್ಡ್ ಅನ್ನು ನಡೆಸುವ ತಂತ್ರಾಂಶದ) ಬಣ್ಣದ ಆಯ್ಕೆ, ಔಟ್‌ಪುಟ್ ರೂಪ, ನಡುವಿನ ಅಡಾಪ್ಟರ್, ಅಥವಾ ಪರದೆ. ಔಟ್‌ಪುಟ್ ಶ್ರೇಣಿಯ ತೊಂದರೆ ಸ್ಕ್ರೀನ್‌ಶಾಟ್‌ನಲ್ಲಿ ಎಂದೂ ಸಿಕ್ಕಿಬೀಳುವುದಿಲ್ಲ. ಹಾಗಾಗಿ ಸಹಾಯ ಕೇಳುವಾಗ ಸ್ಕ್ರೀನ್‌ಶಾಟ್ ಕಳಿಸಿದರೆ ಎದುರಿಗಿನವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಪರದೆಯನ್ನು ಫೋನ್ ಕ್ಯಾಮೆರಾದಲ್ಲಿ ಹಿಡಿದು ಹೋಲಿಸುವುದು ಬೇಡ. ಕ್ಯಾಮೆರಾ ತನ್ನಷ್ಟಕ್ಕೆ ಬೆಳಕು, ಬಿಳಿಯ ಸಮತೋಲನ ಬದಲಿಸಿಕೊಳ್ಳುತ್ತದೆ.

ಹಂತ 3: ಪದರಗಳನ್ನೆಲ್ಲ ತೆಗೆದುಹಾಕಿ

ಬಣ್ಣವನ್ನು ಮುಟ್ಟುವ ಎಲ್ಲವನ್ನೂ ಮೂಲಸ್ಥಿತಿಗೆ ತನ್ನಿ. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟವರು 7ನೇ ಹಂತದಲ್ಲಿ ಸುತ್ತುತ್ತಲೇ ಇರುತ್ತಾರೆ.

1. ವಿಂಡೋಸ್‌ನ ‘ನೈಟ್ ಲೈಟ್’ ಆಫ್ ಮಾಡಿ. ಕಣ್ಣಿನ ಆಯಾಸ ತಗ್ಗಿಸಲೆಂದು ಹಾಕಿಕೊಂಡ ಬೇರೆ ತಂತ್ರಾಂಶಗಳನ್ನೂ ಮುಚ್ಚಿ.

2. ‘ಕಲರ್ ಫಿಲ್ಟರ್’ ಆಫ್ ಇದೆಯೇ ನೋಡಿ. ವಿಂಡೋಸ್ ಕೀ, ಕಂಟ್ರೋಲ್, ಸಿ ಒಟ್ಟಿಗೆ ಒತ್ತಿದರೆ ಇದು ಆನ್ ಆಗುವಂತೆ ಕೆಲವರು ಇಟ್ಟುಕೊಂಡಿರುತ್ತಾರೆ. ಪರದೆ ಇದ್ದಕ್ಕಿದ್ದಂತೆ ಕಪ್ಪು-ಬಿಳುಪಾಯಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

3. ‘ಕಲರ್ ಮ್ಯಾನೇಜ್‌ಮೆಂಟ್’ ತೆರೆದು ಈ ಪರದೆಗೆ ಜೋಡಿಸಿದ ಪ್ರೊಫೈಲ್ ಯಾವುದು ಎಂದು ನೋಡಿ. ತಯಾರಕರ ಪ್ರೊಫೈಲ್ ಅಪ್‌ಡೇಟ್ ಜೊತೆ ತಾನಾಗಿ ಬಂದು ಕೂತಿರಬಹುದು. ಫೋಟೋ ತೋರಿಸುವ ತಂತ್ರಾಂಶದಲ್ಲಿ ಮಾತ್ರ ಬಿಳಿ ಹಳದಿಯಾಗಿದ್ದರೆ ಅನುಮಾನ ನೇರ ಇದರ ಮೇಲೆ. ತಾತ್ಕಾಲಿಕವಾಗಿ ಆ ಪ್ರೊಫೈಲ್ ತೆಗೆದುಹಾಕಿ.

4. ಡ್ರೈವರ್ ಪ್ಯಾನೆಲ್‌ನಲ್ಲಿ ಡೆಸ್ಕ್‌ಟಾಪ್‌ನ ಬ್ರೈಟ್‌ನೆಸ್, ಕಾಂಟ್ರಾಸ್ಟ್, ಗಾಮಾ, ‘ಡಿಜಿಟಲ್ ವೈಬ್ರನ್ಸ್’ ಅಥವಾ ‘ಸ್ಯಾಚುರೇಶನ್’ ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ.

5. ಪರದೆಯ ಮೆನುವಿನಲ್ಲಿ ಫ್ಯಾಕ್ಟರಿ ರೀಸೆಟ್ ಕೊಡಿ. ಆನಂತರ ‘ಡೈನಾಮಿಕ್ ಕಾಂಟ್ರಾಸ್ಟ್’, ‘ಬ್ಲ್ಯಾಕ್ ಈಕ್ವಲೈಜರ್’, ಆಟ ಅಥವಾ ಸಿನಿಮಾ ಮೋಡ್‌ಗಳನ್ನು ಬಿಟ್ಟು ‘ಸ್ಟ್ಯಾಂಡರ್ಡ್’ ಅಥವಾ ‘ಎಸ್‌ಆರ್‌ಜಿಬಿ’ ಆರಿಸಿ.

6. ಪರದೆಯ ಮೂಲ ರೆಸಲ್ಯೂಶನ್ ಹಾಕಿ, ರಿಫ್ರೆಶ್ ದರವನ್ನು ಸದ್ಯಕ್ಕೆ 60 ಹರ್ಟ್ಜ್‌ಗೆ ಇಳಿಸಿ.

ಹಂತ 4: ಪರೀಕ್ಷೆಯ ಚಿತ್ರಗಳನ್ನು ನೀವೇ ಮಾಡಿ

ನಾಲ್ಕು ಚಿತ್ರ ಸಾಕು. ಪಿಎನ್‌ಜಿ ರೂಪದಲ್ಲೇ ಉಳಿಸಿ. ಜೆಪೆಗ್ ತಾನೇ ಬಣ್ಣದ ಮಾಹಿತಿ ಕತ್ತರಿಸುವುದರಿಂದ ಪರೀಕ್ಷೆಯನ್ನೇ ಕೆಡಿಸುತ್ತದೆ.

ಮೊದಲನೆಯದು ಕಪ್ಪಿನ ಚಿತ್ರ: ಹಿನ್ನೆಲೆ ಪೂರ್ತಿ 0, ಅದರ ಮೇಲೆ ಒಂದು ಸಾಲಿನಲ್ಲಿ 4, 8, 12, 16, 20, 24 ಮೌಲ್ಯದ ಚೌಕಗಳು, ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೇ ಸಂಖ್ಯೆ ಕೊಡಬೇಕು. ಎರಡನೆಯದು ಬಿಳಿಯದು: ಹಿನ್ನೆಲೆ 255, ಚೌಕಗಳು 230, 235, 240, 245, 250. ಮೂರನೆಯದರಲ್ಲಿ ಒಂದು ಪಿಕ್ಸೆಲ್ ಅಗಲದ ಕೆಂಪು, ನೀಲಿ ಲಂಬ ಗೆರೆಗಳು ಒಂದರ ಪಕ್ಕ ಒಂದು. ನಾಲ್ಕನೆಯದರಲ್ಲಿ ಅದೇ ಗೆರೆಗಳು ಅಡ್ಡಡ್ಡ. ಗೆರೆಗಳ ಚಿತ್ರವನ್ನು 100 ಪ್ರತಿಶತ ಝೂಮ್‌ನಲ್ಲೇ ತೆರೆಯಬೇಕು. ವಿಂಡೋಸ್‌ನ ಸ್ಕೇಲಿಂಗ್ ಕೂಡ 100ಕ್ಕೆ ಇರಲಿ, ಇಲ್ಲದಿದ್ದರೆ ಗೆರೆಗಳು ತಂತ್ರಾಂಶದಲ್ಲೇ ಕಲಸಿಹೋಗುತ್ತವೆ.

ಹಂತ 5: ಕಾರ್ಡ್ ತುದಿಯಲ್ಲಿ ರೂಪ ಮತ್ತು ಶ್ರೇಣಿ ಹೊಂದಿಸಿ

ಕಂಪ್ಯೂಟರ್ ಬಣ್ಣವನ್ನು 0ಯಿಂದ 255ರವರೆಗೆ ಲೆಕ್ಕ ಹಾಕುತ್ತದೆ. ವಿಡಿಯೊ ಲೋಕದ ರೂಢಿಯಲ್ಲಿ ಕಪ್ಪು 16ಕ್ಕೆ, ಬಿಳಿ 235ಕ್ಕೆ. ಎಚ್‌ಡಿಎಂಐ ಟಿವಿಗಳ ಜೊತೆ ಬೆಳೆದ ಸಂಪರ್ಕ. ಅದು ಅನುಸರಿಸುವ ಸಿಟಿಎ-861 ಮಾನದಂಡದ ಪ್ರಕಾರ 1920×1080ರಂಥ ಟಿವಿ ರೆಸಲ್ಯೂಶನ್‌ಗಳಿಗೆ ಸೀಮಿತ ಶ್ರೇಣಿಯೇ ಡಿಫಾಲ್ಟ್. ನಿಮ್ಮ ಮುಂದಿರುವುದು ಮಾನಿಟರ್ ಆಗಿದ್ದರೂ ಡ್ರೈವರ್ ಅದನ್ನು ಟಿವಿ ಎಂದು ಎಣಿಸಿ 16–235 ಕಳಿಸಬಹುದು. ಅದೇ ಮಾನಿಟರ್ ಡಿಸ್‌ಪ್ಲೇಪೋರ್ಟ್ ಅಥವಾ ಡಿವಿಐನಲ್ಲಿ ಸರಿಯಾಗಿ ಕಂಡು, ಎಚ್‌ಡಿಎಂಐನಲ್ಲಿ ಮಂಕಾಗುವುದರ ಗುಟ್ಟು ಇದು.

ಎನ್‌ವಿಡಿಯಾ: ಕಂಟ್ರೋಲ್ ಪ್ಯಾನೆಲ್‌ನ ‘ಚೇಂಜ್ ರೆಸಲ್ಯೂಶನ್’ ಪುಟದ ಕೆಳಭಾಗಕ್ಕೆ ಹೋಗಿ ‘ಯೂಸ್ ಎನ್‌ವಿಡಿಯಾ ಕಲರ್ ಸೆಟ್ಟಿಂಗ್ಸ್’ ಆರಿಸಿ. ‘ಔಟ್‌ಪುಟ್ ಕಲರ್ ಫಾರ್ಮ್ಯಾಟ್’ ಆರ್‌ಜಿಬಿ, ‘ಔಟ್‌ಪುಟ್ ಡೈನಾಮಿಕ್ ರೇಂಜ್’ ಫುಲ್, ‘ಔಟ್‌ಪುಟ್ ಕಲರ್ ಡೆಪ್ತ್’ 8 ಬಿಪಿಸಿ (ಪ್ರತಿ ಬಣ್ಣಕ್ಕೆ 8 ಬಿಟ್) ಮಾಡಿ ‘ಅಪ್ಲೈ’ ಒತ್ತಿ. ವೈಸಿಬಿಸಿಆರ್ ಆರಿಸಿದರೆ ರೇಂಜ್ ಲಿಮಿಟೆಡ್‌ನಲ್ಲೇ ಅಂಟಿಕೊಳ್ಳುತ್ತದೆ. ಫುಲ್ ಸಿಗುತ್ತಿಲ್ಲ ಎನ್ನುವವರು ಮೊದಲು ಫಾರ್ಮ್ಯಾಟ್ ಆರ್‌ಜಿಬಿ ಇದೆಯೇ ನೋಡಲಿ.

ಎಎಮ್‌ಡಿ: ಅಡ್ರೆನಲಿನ್ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್‌ಪ್ಲೇ’ ತೆರೆಯಿರಿ. ‘ಪಿಕ್ಸೆಲ್ ಫಾರ್ಮ್ಯಾಟ್’ ಪಟ್ಟಿಯಲ್ಲಿ ‘ಆರ್‌ಜಿಬಿ 4:4:4 ಪಿಸಿ ಸ್ಟ್ಯಾಂಡರ್ಡ್, ಫುಲ್ ಆರ್‌ಜಿಬಿ’ ಎಂಬುದು ಬೇಕಾದದ್ದು. ಅದರ ಪಕ್ಕದಲ್ಲೇ ಇರುವ ‘ಸ್ಟುಡಿಯೊ’ ಎಂಬುದು ಸೀಮಿತ ಶ್ರೇಣಿ. ಹೆಸರು ದೊಡ್ಡದಾಗಿದೆ ಎಂದು ಅದನ್ನು ಆರಿಸುವವರಿದ್ದಾರೆ. ಸ್ಟುಡಿಯೊ ಎಂದರೆ ಇಲ್ಲಿ ಉತ್ತಮ ಗುಣಮಟ್ಟ ಎಂದಲ್ಲ.

ಇಂಟೆಲ್: ಗ್ರಾಫಿಕ್ಸ್ ತಂತ್ರಾಂಶದ ಡಿಸ್‌ಪ್ಲೇ ವಿಭಾಗದಲ್ಲಿ ‘ಕ್ವಾಂಟೈಸೇಶನ್ ರೇಂಜ್’ ಹುಡುಕಿ, ‘ಡಿಫಾಲ್ಟ್’ ಬಿಟ್ಟು ‘ಫುಲ್’ ಹಾಕಿ.

ಲಿನಕ್ಸ್: ಇಂಟೆಲ್ ಗ್ರಾಫಿಕ್ಸ್ ಇದ್ದರೆ ‘ಬ್ರಾಡ್‌ಕಾಸ್ಟ್ ಆರ್‌ಜಿಬಿ’ ಎಂಬ ಗುಣವನ್ನು ‘ಫುಲ್’ ಮಾಡಬೇಕು. ಎಕ್ಸ್‌ರ್ಯಾಂಡರ್ (xrandr) ಕಮಾಂಡಿನಿಂದ ಮಾಡಿದ ಬದಲಾವಣೆ ಮುಂದಿನ ಲಾಗಿನ್‌ಗೆ ಉಳಿಯುವುದಿಲ್ಲ. ಅದನ್ನು ಲಾಗಿನ್ ಆಗುವಾಗ ಓಡುವ ಸ್ಕ್ರಿಪ್ಟಿಗೆ ಸೇರಿಸಿ.

ಈ ಸೆಟ್ಟಿಂಗ್‌ಗಳು ಪ್ರತಿ ಪರದೆಗೂ ಬೇರೆ ಬೇರೆ. ಎರಡು ಪರದೆ ಇದ್ದರೆ ಪ್ಯಾನೆಲ್‌ನಲ್ಲಿ ಯಾವುದು ಆಯ್ಕೆಯಾಗಿದೆ ಎಂದು ನೋಡಿಕೊಳ್ಳಿ. ಕೇಬಲ್ ಬೇರೆ ಪೋರ್ಟಿಗೆ ಹಾಕಿದರೆ ಮತ್ತೆ ಮೊದಲಿನಿಂದ.

ಹಂತ 6: ಪರದೆಯ ತುದಿ

ಮಾನಿಟರ್‌ಗಳಲ್ಲಿ ‘ಇನ್‌ಪುಟ್ ಕಲರ್ ಫಾರ್ಮ್ಯಾಟ್’, ‘ಆರ್‌ಜಿಬಿ ರೇಂಜ್’, ‘ಪಿಸಿ/ಎವಿ ಮೋಡ್’ ಎಂಬ ಹೆಸರುಗಳಲ್ಲಿ ಇದು ಅಡಗಿರುತ್ತದೆ. ಟಿವಿಗಳಲ್ಲಿ ‘ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್’, ‘ಬ್ಲ್ಯಾಕ್ ಲೆವೆಲ್’, ‘ಡೈನಾಮಿಕ್ ರೇಂಜ್’, ‘ವಿಡಿಯೊ ರೇಂಜ್’. ಆಯ್ಕೆಗಳು ಕೆಲವೆಡೆ ಫುಲ್ ಮತ್ತು ಲಿಮಿಟೆಡ್, ಕೆಲವೆಡೆ ಹೈ ಮತ್ತು ಲೋ, ಇನ್ನು ಕೆಲವೆಡೆ ನಾರ್ಮಲ್ ಮತ್ತು ಲೋ. ಈ ಹೆಸರುಗಳನ್ನು ನೆಚ್ಚಿಕೊಳ್ಳಬೇಡಿ. ಪರೀಕ್ಷೆಯ ಚಿತ್ರ ಏನು ಹೇಳುತ್ತದೋ ಅದೇ ಸತ್ಯ.

ಮೊದಲು ‘ಆಟೊ’ ಇಟ್ಟು ನೋಡಿ. ಕಾರ್ಡ್ ತಾನು ಕಳಿಸುವ ಶ್ರೇಣಿ ಯಾವುದೆಂದು ಚಿತ್ರದ ಜೊತೆಗೇ ಒಂದು ಚಿಕ್ಕ ಮಾಹಿತಿ ಪೊಟ್ಟಣದಲ್ಲಿ ಹೇಳುತ್ತದೆ. ಪರದೆ ಅದನ್ನು ಓದಿದರೆ ಆಟೊ ಸಾಕು. ಓದದೆ ತನ್ನದೇ ಊಹೆಯಲ್ಲಿ ನಡೆಯುವ ಪರದೆಗಳೂ ಇವೆ. ಅಲ್ಲಿ ಕೈಯಾರೆ ಹಾಕಬೇಕು.

ಟಿವಿಯಾದರೆ ಇನ್ನೆರಡು ಕೆಲಸ. ಕಂಪ್ಯೂಟರ್ ಸೇರಿಸಿದ ಇನ್‌ಪುಟ್‌ನ ಹೆಸರು ಅಥವಾ ಗುರುತನ್ನು ‘ಪಿಸಿ’ ಎಂದು ಬದಲಿಸಿ. ಬಹಳಷ್ಟು ಟಿವಿಗಳು ಈ ಗುರುತು ಇದ್ದಾಗ ಮಾತ್ರ ಬಣ್ಣದ ಪೂರ್ತಿ ಮಾಹಿತಿಯನ್ನು ತೋರಿಸುತ್ತವೆ. ಜೊತೆಗೆ ಚಿತ್ರದ ಅಂಚು ಕತ್ತರಿಸುವ ಓವರ್‌ಸ್ಕ್ಯಾನ್ ನಿಲ್ಲಿಸಿ. ಚಿತ್ರ ಹಿಗ್ಗಿದ್ದರೆ ಗೆರೆಗಳ ಪರೀಕ್ಷೆ ಸುಳ್ಳು ಹೇಳುತ್ತದೆ.

ಒಂದು ಎಚ್ಚರಿಕೆ. ಮಾನಿಟರ್‌ನಲ್ಲಿ ‘ಬ್ರೈಟ್‌ನೆಸ್’ ಎಂದರೆ ಸಾಮಾನ್ಯವಾಗಿ ಹಿಂಬೆಳಕಿನ ಪ್ರಮಾಣ. ಬಹಳಷ್ಟು ಟಿವಿಗಳಲ್ಲಿ ಅದೇ ಪದ ಕಪ್ಪಿನ ಮಟ್ಟವನ್ನು ಮೇಲೆ ಕೆಳಗೆ ಮಾಡುತ್ತದೆ, ಹಿಂಬೆಳಕು ಬೇರೆ ಆಯ್ಕೆ. ಟಿವಿಯ ಬ್ರೈಟ್‌ನೆಸ್ ಅನ್ನು ಹೊಳಪಿಗಾಗಿ ಏರಿಸಿದವರು ಕಪ್ಪನ್ನು ಬೂದು ಮಾಡಿ, ಆಮೇಲೆ ಕಾರ್ಡ್ ಅನ್ನು ದೂರುತ್ತಾರೆ.

ಹಂತ 7: ಚೌಕಗಳನ್ನು ಓದುವ ಬಗೆ

ಕಪ್ಪಿನ ಚಿತ್ರವನ್ನು ಪೂರ್ತಿ ಪರದೆಗೆ ತೆರೆಯಿರಿ. 4, 8, 12 ಮಾಯವಾಗಿ 20ರಿಂದಷ್ಟೇ ಕಾಣಲು ಶುರುವಾದರೆ, ಬಿಳಿಯ ಚಿತ್ರದಲ್ಲಿ 240, 245, 250 ಹಿನ್ನೆಲೆಯಲ್ಲಿ ಕರಗಿದ್ದರೆ, ಕಾರ್ಡ್ ಪೂರ್ಣ ಶ್ರೇಣಿ ಕಳಿಸುತ್ತಿದ್ದು ಪರದೆ ಸೀಮಿತ ಎಂದುಕೊಂಡಿದೆ. ಪರದೆಯ ಆಯ್ಕೆ ಬದಲಿಸಿ. 4 ಒಂದೇ ಕಾಣುತ್ತಿಲ್ಲ, 8 ತೆಳುವಾಗಿ ಕಾಣುತ್ತಿದೆ ಎಂದರೆ ಅದು ಶ್ರೇಣಿಯ ತಪ್ಪಲ್ಲ, ಪ್ಯಾನೆಲ್‌ನ ಮಿತಿ ಅಥವಾ ಕೋಣೆಯ ಬೆಳಕು.

ಇನ್ನು ಹೆಚ್ಚಿನವರು ಮೋಸಹೋಗುವ ಜಾಗ: ಎಲ್ಲ ಚೌಕಗಳೂ ಕಂಡರೆ ಪಾಸ್ ಎಂದುಕೊಳ್ಳುತ್ತಾರೆ. ಕಾರ್ಡ್ ಸೀಮಿತ, ಪರದೆ ಪೂರ್ಣ ಎಂಬ ಸಂಯೋಗದಲ್ಲೂ ಎಲ್ಲ ಚೌಕಗಳು ಚೆನ್ನಾಗಿಯೇ ಕಾಣುತ್ತವೆ. ಕೆಟ್ಟಿರುವುದು ಹಿನ್ನೆಲೆ: 0 ಇರಬೇಕಾದ ಕಪ್ಪು 16ರ ಬೂದಾಗಿರುತ್ತದೆ. ಅದನ್ನು ಹಿಡಿಯುವುದು ಹೀಗೆ: ಕೋಣೆ ಕತ್ತಲೆ ಮಾಡಿ, ಬರೀ ಕಪ್ಪು ಚಿತ್ರ ತೆರೆದು ಪರದೆಯ ಹೊಳಪನ್ನು ನೋಡಿ. ನಂತರ ಕೇಬಲ್ ಕಳಚಿ, ‘ನೋ ಸಿಗ್ನಲ್’ ಎಂದು ತೋರಿಸುವ ಕೆಲವು ಕ್ಷಣದ ಕಪ್ಪನ್ನು ನೋಡಿ. ಎರಡೂ ಒಂದೇ ಆಗಿದ್ದರೆ ಸರಿ. ಸಿಗ್ನಲ್ ಇಲ್ಲದಾಗಿನ ಕಪ್ಪು ಎದ್ದುಕಾಣುವಷ್ಟು ಗಾಢವಾಗಿದ್ದರೆ ಕಾರ್ಡ್ ಇನ್ನೂ ಸೀಮಿತ ಶ್ರೇಣಿಯಲ್ಲಿದೆ. ಸಿಗ್ನಲ್ ಇಲ್ಲದಾಗ ಹಿಂಬೆಳಕನ್ನೇ ಆರಿಸುವ ಪರದೆಗಳಲ್ಲಿ ಈ ಹೋಲಿಕೆ ನಡೆಯದು. ಅಲ್ಲಿ ಕಪ್ಪು ಚಿತ್ರ ತೆರೆದಿಟ್ಟು ಡ್ರೈವರ್‌ನಲ್ಲಿ ಫುಲ್, ಲಿಮಿಟೆಡ್ ಅದಲುಬದಲು ಮಾಡಿ, ಯಾವುದರಲ್ಲಿ ಗಾಢ ಎಂದು ನೋಡಿ.

ಎರಡೂ ತುದಿ ಸೀಮಿತವಾಗಿದ್ದರೂ ಚಿತ್ರ ಸರಿಯಾಗಿಯೇ ಇರುತ್ತದೆ. ಮಾನಿಟರ್‌ಗೆ ಆರ್‌ಜಿಬಿ ಫುಲ್ ಬಿಟ್ಟು ಬೇರೆ ಯೋಚಿಸಬೇಡಿ. ಟಿವಿಗೆ ಹಟ ಬೇಡ: ಅದು ಸೀಮಿತವನ್ನಷ್ಟೇ ನೆಟ್ಟಗೆ ಓದುತ್ತದೆ ಎಂದಾದರೆ ಎರಡೂ ಕಡೆ ಲಿಮಿಟೆಡ್ ಇಟ್ಟುಬಿಡಿ. 8 ಬಿಟ್‌ನಲ್ಲಿ 256 ಮಟ್ಟಗಳು 220ಕ್ಕೆ ಇಳಿಯುವುದು ಸಿನಿಮಾ ನೋಡುವಾಗ ಕಣ್ಣಿಗೆ ಬೀಳುವುದು ಅಪರೂಪ.

ಹಂತ 8: ಅಕ್ಷರದ ಅಂಚು ಕದಡಿದ್ದರೆ

4:4:4 ಎಂದರೆ ಪ್ರತಿ ಪಿಕ್ಸೆಲ್‌ಗೂ ಬಣ್ಣದ ಮಾಹಿತಿ ಇದೆ. 4:2:2ರಲ್ಲಿ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣ, 4:2:0ಯಲ್ಲಿ ನಾಲ್ಕಕ್ಕೆ ಒಂದು. ಬೆಳಕಿನ ಮಾಹಿತಿ ಪೂರ್ತಿ ಇರುವುದರಿಂದ ಕಪ್ಪು ಅಕ್ಷರ ಬಿಳಿ ಹಿನ್ನೆಲೆಯಲ್ಲಿ ಹೆಚ್ಚು ಕಡಿಮೆ ಸರಿಯಾಗಿಯೇ ಕಾಣುತ್ತದೆ, ಕೆಂಪು ಮತ್ತು ನೀಲಿ ಮಾತ್ರ ಹರಡುತ್ತವೆ.

ಗೆರೆಗಳ ಎರಡು ಚಿತ್ರಗಳನ್ನು ತೆರೆಯಿರಿ. ಲಂಬ ಗೆರೆಗಳು ಕಲಸಿ ನೇರಳೆಯಾಗಿ, ಅಡ್ಡ ಗೆರೆಗಳು ಬಿಡಿಬಿಡಿಯಾಗಿದ್ದರೆ ಅದು 4:2:2. ಎರಡೂ ಕಲಸಿದ್ದರೆ 4:2:0. ಡ್ರೈವರ್ 4:4:4 ಎಂದು ತೋರಿಸುತ್ತಿದ್ದರೂ ಗೆರೆ ಕಲಸಿದ್ದರೆ ಕತ್ತರಿ ಹಾಕುತ್ತಿರುವುದು ಟಿವಿ. 6ನೇ ಹಂತದ ‘ಪಿಸಿ’ ಗುರುತಿಗೆ ಹಿಂತಿರುಗಿ.

ಡ್ರೈವರೇ ಕತ್ತರಿಸುತ್ತಿದ್ದರೆ ಕಾರಣ ದಾರಿ ಸಾಲದಿರುವುದು. 4ಕೆ (3840×2160), 60 ಹರ್ಟ್ಜ್, 8 ಬಿಟ್ ಆರ್‌ಜಿಬಿಗೆ ಎಚ್‌ಡಿಎಂಐನಲ್ಲಿ ಸೆಕೆಂಡಿಗೆ 17.82 ಗಿಗಾಬಿಟ್ ಬೇಕು. ಎಚ್‌ಡಿಎಂಐ 2.0ರ ಮಿತಿ 18, ಅಂದರೆ ಇದು ಅಂಚಿನಲ್ಲಿ ಹಿಡಿಸುತ್ತದೆ. 10 ಬಿಟ್ ಕೇಳಿದರೆ 22 ದಾಟುತ್ತದೆ, ಆಗ 4:2:2 ಅಥವಾ 4:2:0 ಬಿಟ್ಟರೆ ದಾರಿಯಿಲ್ಲ. ಎಚ್‌ಡಿಎಂಐ 1.4ರ ಮಿತಿ 10.2, ಅಲ್ಲಿ 4ಕೆ ಆರ್‌ಜಿಬಿ 30 ಹರ್ಟ್ಜ್‌ಗೆ ನಿಲ್ಲುತ್ತದೆ. ಎಚ್‌ಡಿಎಂಐ 2.1ರಲ್ಲಿ ಗರಿಷ್ಠ 48, ಡಿಸ್‌ಪ್ಲೇಪೋರ್ಟ್ 1.4ರಲ್ಲಿ 32.4.

ಆದ್ದರಿಂದ ಕ್ರಮ ಹೀಗಿರಲಿ:

1. ಟಿವಿಯ ಆ ಪೋರ್ಟ್‌ಗೆ ‘ಅಲ್ಟ್ರಾ ಎಚ್‌ಡಿ ಡೀಪ್ ಕಲರ್’, ‘ಇನ್‌ಪುಟ್ ಸಿಗ್ನಲ್ ಪ್ಲಸ್’, ‘ಎನ್‌ಹ್ಯಾನ್ಸ್‌ಡ್ ಫಾರ್ಮ್ಯಾಟ್’ ಹೀಗೆ ಯಾವ ಹೆಸರಿದೆಯೋ ಅದನ್ನು ಆನ್ ಮಾಡಿ. ಇದು ಆಫ್ ಇದ್ದರೆ ಪೋರ್ಟ್ ತನ್ನ ಹಳೆಯ ಸಾಮರ್ಥ್ಯವನ್ನಷ್ಟೇ ಕಾರ್ಡಿಗೆ ಹೇಳುತ್ತದೆ.

2. ಟಿವಿಯ ಎಲ್ಲ ಪೋರ್ಟ್‌ಗಳೂ ಒಂದೇ ಸಾಮರ್ಥ್ಯದವಲ್ಲ. ಪೋರ್ಟ್ ಪಕ್ಕದ ಬರಹ ಓದಿ.

3. ಕೇಬಲ್ ಮೇಲೆ 18 ಗಿಗಾಬಿಟ್‌ಗೆ ‘ಪ್ರೀಮಿಯಂ ಹೈ ಸ್ಪೀಡ್’, 48ಕ್ಕೆ ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಪ್ರಮಾಣಿತ ಗುರುತು ಇರಲಿ. ಉದ್ದ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಪರೀಕ್ಷೆಗೆ ಎರಡು ಮೀಟರ್ ಒಳಗಿನದನ್ನು ಬಳಸಿ.

4. ಆಗಲೂ ಸಾಲದಿದ್ದರೆ ಮೊದಲು ಬಿಟ್ ಡೆಪ್ತ್ ಇಳಿಸಿ, ಆಮೇಲೆ ರಿಫ್ರೆಶ್ ದರ. ಅಕ್ಷರ ಓದುವ ಕೆಲಸಕ್ಕೆ 8 ಬಿಟ್ ಆರ್‌ಜಿಬಿಯು 10 ಬಿಟ್ 4:2:2ಗಿಂತ ಯಾವತ್ತೂ ಮೇಲು.

ಹಂತ 9: ಪಟ್ಟೆಗಳು, ಬಿಟ್ ಡೆಪ್ತ್

ವಿಂಡೋಸ್‌ನ ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ ಪುಟದಲ್ಲಿ ಈಗ ಹೊರಡುತ್ತಿರುವ ಬಿಟ್ ಡೆಪ್ತ್ ಮತ್ತು ಬಣ್ಣದ ರೂಪ ಕಾಣುತ್ತವೆ. ಅಲ್ಲಿ 6 ಬಿಟ್ ಎಂದಿದ್ದರೆ ಸಂಪರ್ಕ ಕುಗ್ಗಿದೆ: ಕೇಬಲ್, ಅಡಾಪ್ಟರ್ ನೋಡಿ. 8 ಇದ್ದೂ ಪಟ್ಟೆ ದಟ್ಟವಾಗಿದ್ದರೆ ಹೆಚ್ಚಾಗಿ ಗಾಮಾ ತಿದ್ದುಪಡಿಯೇ ಕಾರಣ. 256 ಮೆಟ್ಟಿಲುಗಳನ್ನು ಎಳೆದು ಬಗ್ಗಿಸಿದಾಗ ಕೆಲವು ಕೂಡಿಕೊಂಡು ಕೆಲವೆಡೆ ಕಂದರ ಬೀಳುತ್ತದೆ. 3ನೇ ಹಂತವನ್ನು ಪೂರ್ತಿ ಮಾಡಿದವರಿಗೆ ಇದು ಉಳಿದಿರಬಾರದು. ಸಿನಿಮಾದ ಆಕಾಶದಲ್ಲಿ ಮಾತ್ರ ಪಟ್ಟೆ ಇದ್ದರೆ ಅದು ವಿಡಿಯೊವನ್ನು ಹಿಂಡಿದ ಗುರುತು, ಕಾರ್ಡಿನದಲ್ಲ.

ಹಂತ 10: ವಿಡಿಯೊದಲ್ಲಿ ಮಾತ್ರ ಮಂಕಾದರೆ

ಡೆಸ್ಕ್‌ಟಾಪ್ ಸರಿ, ಚಿತ್ರಗಳು ಸರಿ, ಸಿನಿಮಾ ಮಾತ್ರ ಮಂಕು ಎಂದರೆ ಔಟ್‌ಪುಟ್ ಮುಟ್ಟಬೇಡಿ. ವಿಡಿಯೊ ಫೈಲ್‌ನ 16–235 ಅನ್ನು 0–255ಕ್ಕೆ ಹಿಗ್ಗಿಸುವ ಕೆಲಸ ಪ್ಲೇಯರ್ ಅಥವಾ ಡ್ರೈವರಿನದು, ಅದು ಆಗಿಲ್ಲ. ಎನ್‌ವಿಡಿಯಾದ ‘ಅಡ್ಜಸ್ಟ್ ವಿಡಿಯೊ ಕಲರ್ ಸೆಟ್ಟಿಂಗ್ಸ್’ ಪುಟದಲ್ಲಿ ‘ಅಡ್ವಾನ್ಸ್‌ಡ್’ ಕೆಳಗೆ ಡೈನಾಮಿಕ್ ರೇಂಜ್ ಅನ್ನು ಫುಲ್ ಮಾಡಿ; ಪ್ಲೇಯರ್‌ನಲ್ಲೂ ಇಂಥದೇ ಆಯ್ಕೆ ಇದ್ದರೆ ಎರಡರಲ್ಲಿ ಒಂದನ್ನಷ್ಟೇ ಬಳಸಿ. ಎರಡು ಸಲ ಹಿಗ್ಗಿಸಿದರೆ ನೆರಳು ಮುಚ್ಚಿಹೋಗುತ್ತದೆ. ವಿಡಿಯೊ ಸರಿಮಾಡಲು ಹೋಗಿ ಇಡೀ ಔಟ್‌ಪುಟ್ ಬದಲಿಸುವುದು ಈ ಸರಣಿಯಲ್ಲೇ ದೊಡ್ಡ ತಪ್ಪು.

ಹಂತ 11: ಎಚ್‌ಡಿಆರ್ ಅನ್ನು ಕೊನೆಗೆ ಮುಟ್ಟಿ

ಇಲ್ಲಿಯವರೆಗಿನದೆಲ್ಲ ಸರಿಯಾದ ಮೇಲೆ ಎಚ್‌ಡಿಆರ್ ಆನ್ ಮಾಡಿ; ವಿಂಡೋಸ್ ಕೀ, ಆಲ್ಟ್, ಬಿ ಒತ್ತಿದರೂ ಆಗುತ್ತದೆ. ಆನ್ ಮಾಡಿದೊಡನೆ ಡೆಸ್ಕ್‌ಟಾಪ್ ಮಂಕಾದರೆ ಗಾಬರಿ ಬೇಡ, ಸಾಮಾನ್ಯ ಚಿತ್ರಗಳ ಹೊಳಪಿಗೆ ಅಲ್ಲೇ ಬೇರೆ ಸ್ಲೈಡರ್ ಇದೆ. ಹೊಳಪು ಕಡಿಮೆಯಿರುವ ಅಗ್ಗದ ಎಚ್‌ಡಿಆರ್ ಮಾನಿಟರ್‌ಗಳಲ್ಲಿ ಸ್ಲೈಡರ್‌ನಿಂದಲೂ ಹೆಚ್ಚು ಪ್ರಯೋಜನವಿಲ್ಲ. ಅಂಥ ಪರದೆಯಲ್ಲಿ ಎಚ್‌ಡಿಆರ್ ಆಫ್ ಇಡುವುದೇ ವಾಸಿ. 4ಕೆ 60 ಹರ್ಟ್ಜ್, ಎಚ್‌ಡಿಎಂಐ 2.0 ಇದ್ದರೆ ಎಚ್‌ಡಿಆರ್ ಜೊತೆ ಆರ್‌ಜಿಬಿ 8 ಬಿಟ್ ಡಿದರಿಂಗ್ (ಚುಕ್ಕೆ ಬೆರೆಸಿ ನಡುವಿನ ಬಣ್ಣದ ಭ್ರಮೆ ಮೂಡಿಸುವುದು) ಅಥವಾ 4:2:2 10 ಬಿಟ್, ಎರಡರಲ್ಲಿ ಒಂದು. ಸಿನಿಮಾಗೆ ಎರಡನೆಯದು, ಕೆಲಸಕ್ಕೆ ಮೊದಲನೆಯದು.

ಹಂತ 12: ನಡುವಿನ ಪೆಟ್ಟಿಗೆಗಳು

ರಿಸೀವರ್, ಸ್ಪ್ಲಿಟರ್, ಕೆವಿಎಂ ಸ್ವಿಚ್ (ಒಂದೇ ಪರದೆ, ಕೀಬೋರ್ಡನ್ನು ಹಲವು ಕಂಪ್ಯೂಟರ್‌ಗೆ ಹಂಚುವುದು), ಡಾಕ್ ಇದ್ದರೆ ಎಲ್ಲವನ್ನೂ ಬಿಚ್ಚಿ ಕಾರ್ಡ್‌ನಿಂದ ಪರದೆಗೆ ನೇರ ಕೇಬಲ್ ಹಾಕಿ. ಪರದೆ ತನ್ನ ಸಾಮರ್ಥ್ಯವನ್ನು ಇಡಿಐಡಿ ಎಂಬ ಚಿಕ್ಕ ದತ್ತಾಂಶದಲ್ಲಿ ಕಾರ್ಡಿಗೆ ತಿಳಿಸುತ್ತದೆ. ಮೂಲ ಭಾಗ 128 ಬೈಟ್, ಆರ್‌ಜಿಬಿ ಬಿಟ್ಟು ಬೇರೆ ರೂಪ ಒಪ್ಪುತ್ತದೆಯೇ ಎಂಬಂಥವು ಅದರ ವಿಸ್ತರಣೆಯಲ್ಲಿ. ನಡುವಿನ ಪೆಟ್ಟಿಗೆ ಅದನ್ನು ತಿದ್ದಿ ಅಥವಾ ತನ್ನದನ್ನೇ ಕೊಟ್ಟು ಕಾರ್ಡಿಗೆ ದಾರಿ ತಪ್ಪಿಸಬಹುದು. ನೇರ ಹಾಕಿದಾಗ ಸರಿಹೋದರೆ ಪೆಟ್ಟಿಗೆಯ ಇಡಿಐಡಿ ಆಯ್ಕೆಯನ್ನು ‘ಪಾಸ್ ಥ್ರೂ’ ಅಥವಾ ‘ಕಾಪಿ’ಗೆ ಬದಲಿಸಿ.

ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಗ್ಗದ ಪ್ಯಾಸಿವ್ ಅಡಾಪ್ಟರ್‌ಗಳಲ್ಲಿ ಟೈಪ್ 1 ಎಂಬುದು 165 ಮೆಗಾಹರ್ಟ್ಜ್‌ನ ಪಿಕ್ಸೆಲ್ ದರಕ್ಕೆ ನಿಲ್ಲುತ್ತದೆ. 1080ಪಿ 60 ಹರ್ಟ್ಜ್‌ಗೆ 148.5 ಸಾಕು, ಆದರೆ 2560×1440ಕ್ಕೆ 241.5 ಬೇಕು. ಆಕ್ಟಿವ್ ಅಡಾಪ್ಟರ್‌ಗಳು ಒಳಗೇ ರೂಪ ಬದಲಿಸಬಲ್ಲವು. ಡ್ರೈವರ್ ಆರ್‌ಜಿಬಿ ಎನ್ನುತ್ತಿದ್ದರೂ ಪರದೆಗೆ ವೈಸಿಬಿಸಿಆರ್ ತಲುಪುವುದು ಹೀಗೆ. ಪರದೆಯ ಮಾಹಿತಿ ಪುಟದಲ್ಲಿ ಬರುತ್ತಿರುವ ಸಿಗ್ನಲ್‌ನ ರೂಪ ತೋರಿಸಿದರೆ ಅದನ್ನೇ ನಂಬಿ.

ಡ್ರೈವರ್‌ನಲ್ಲಿ ಫುಲ್ ಹಾಕಿದರೂ ಪದೇಪದೇ ವೈಸಿಬಿಸಿಆರ್‌ಗೆ ಹೊರಳುತ್ತಿದ್ದರೆ ವಿಂಡೋಸ್‌ನಲ್ಲಿ ‘ಕಸ್ಟಮ್ ರೆಸಲ್ಯೂಶನ್ ಯುಟಿಲಿಟಿ’ ಎಂಬ ತಂತ್ರಾಂಶದಿಂದ ಇಡಿಐಡಿಯ ವೈಸಿಬಿಸಿಆರ್ ಗುರುತುಗಳನ್ನು ತೆಗೆಯಬಹುದು. ಮೊದಲು ಮೂಲ ಇಡಿಐಡಿಯನ್ನು ಫೈಲ್ ಆಗಿ ಉಳಿಸಿ, ಆ ತಂತ್ರಾಂಶದ ಜೊತೆ ಬರುವ ರೀಸೆಟ್ ಪ್ರೋಗ್ರಾಂ ಎಲ್ಲಿದೆ ಎಂದು ಗೊತ್ತಿರಲಿ. ಪರದೆ ಕತ್ತಲಾದರೆ ಸೇಫ್ ಮೋಡ್‌ನಲ್ಲಿ ಬೂಟ್ ಮಾಡಿ ಅದನ್ನು ಓಡಿಸಬೇಕು. ಇಲ್ಲಿಗೆ ಬರುವ ಅಗತ್ಯ ಬಹಳ ಮಂದಿಗೆ ಇರುವುದಿಲ್ಲ.

ಹಂತ 13: ಹಾರ್ಡ್‌ವೇರ್ ದೋಷದ ಸೂಚನೆಗಳು

ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ಒತ್ತಿ ಗ್ರಾಫಿಕ್ಸ್ ಡ್ರೈವರ್ ಅನ್ನು ಮರುಶುರು ಮಾಡಿ. ಪರದೆಯ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ಇಷ್ಟಕ್ಕೇ ಹೋಗುವ ಬಣ್ಣದ ಕಾಟಗಳಿವೆ.

ವಿಂಡೋಸ್ ಶುರುವಾಗುವ ಮೊದಲಿನ ಬಯೋಸ್ ಪರದೆಯಲ್ಲೂ ಚೌಕುಳಿ, ಗೆರೆ, ಬಣ್ಣದ ತುಣುಕುಗಳು ಕಂಡರೆ ಡ್ರೈವರ್ ಕಾರಣವಲ್ಲ. ಅವು ಸ್ಕ್ರೀನ್‌ಶಾಟ್‌ನಲ್ಲೂ ಮೂಡಿದರೆ ಕಾರ್ಡ್‌ನ ಮೆಮೊರಿಯ ಮೇಲೆ ಅನುಮಾನ. ಕಾರ್ಡ್ ಬಿಸಿಯಾದಂತೆ ಹೆಚ್ಚಾಗಿ, ತಣಿದಾಗ ಕಡಿಮೆಯಾದರೆ ಓವರ್‌ಕ್ಲಾಕ್ (ಕಾರ್ಡ್‌ನ ವೇಗ ಏರಿಸಿದ್ದು) ತೆಗೆದು, ಫ್ಯಾನ್ ಮತ್ತು ಧೂಳು ನೋಡಿ. ಒಂದೇ ಪೋರ್ಟ್‌ನಲ್ಲಿ ಮಾತ್ರ ಚುಕ್ಕೆ ಮಿನುಗಿ, ಅದೇ ಕೇಬಲ್ ಬೇರೆ ಪೋರ್ಟ್‌ನಲ್ಲಿ ಸರಿಯಿದ್ದರೆ ಆ ಪೋರ್ಟ್ ಕೆಟ್ಟಿದೆ. ಡಿಸ್‌ಪ್ಲೇಪೋರ್ಟ್ ಪ್ಲಗ್‌ಗೆ ಹೆಚ್ಚಾಗಿ ಕೊಕ್ಕೆ ಇರುತ್ತದೆ, ಗುಂಡಿ ಒತ್ತದೆ ಎಳೆದು ಪೋರ್ಟ್ ಕಿತ್ತುಕೊಂಡವರ ಸಂಖ್ಯೆ ಸಣ್ಣದಲ್ಲ. ಬೇರೆ ಕಂಪ್ಯೂಟರ್ ಸೇರಿಸಿದಾಗಲೂ ಅದೇ ಬಣ್ಣದ ಛಾಯೆ ಬಂದರೆ ದೋಷ ಪರದೆಯದು.

ಎಲ್ಲ ಸರಿಯಾದ ಮೇಲೆ

3ನೇ ಹಂತದಲ್ಲಿ ತೆಗೆದದ್ದನ್ನು ಒಂದೊಂದಾಗಿ ಹಿಂತಿರುಗಿಸಿ, ಪ್ರತಿ ಸಲವೂ ಚೌಕಗಳ ಚಿತ್ರ ನೋಡಿ. ರಿಫ್ರೆಶ್ ದರವನ್ನು ಮೇಲಕ್ಕೆ ಒಯ್ದಾಗ ಬಣ್ಣದ ರೂಪ ತಾನಾಗಿ ಬದಲಾಗಿಲ್ಲವೇ ಎಂದು ಡ್ರೈವರ್ ಪ್ಯಾನೆಲ್‌ಗೆ ಹಿಂತಿರುಗಿ ಖಚಿತಪಡಿಸಿಕೊಳ್ಳಿ. ಕ್ಯಾಲಿಬ್ರೇಶನ್ (ಸಾಧನದಿಂದ ಅಳೆದು ಬಣ್ಣ ಹದಗೊಳಿಸುವುದು) ಮಾಡುವುದಿದ್ದರೆ ಈಗ. ಫಾರ್ಮ್ಯಾಟ್, ರೇಂಜ್, ಡೆಪ್ತ್ ಮೂರನ್ನೂ, ಪರದೆಯ ಬ್ಲ್ಯಾಕ್ ಲೆವೆಲ್ ಆಯ್ಕೆಯನ್ನೂ ಬರೆದಿಟ್ಟುಕೊಳ್ಳಿ. ಡ್ರೈವರ್ ಹೊಸದಾಗಿ ಹಾಕಿದಾಗ ಮೊದಲ ಮೂರು ಸದ್ದಿಲ್ಲದೆ ಡಿಫಾಲ್ಟ್‌ಗೆ ಹೋಗಿರಬಹುದು, ಆಗ 5ನೇ ಹಂತ ಒಂದನ್ನೇ ಮಾಡಿದರೆ ಸಾಕು.